ಒತ್ತುಗುಂಡಿಯ ದೀಪ: ಕೊಲಾಬಾದಿಂದ ಪೊವಾಯಿವರೆಗೆ

ಮುಂಬಯಿಯ ಇತಿಹಾಸವೆಂದರೆ ಕೋಟೆ, ಬಂದರು, ಗಿರಣಿ, ರೈಲುಗಳ ಇತಿಹಾಸವೆಂದೇ ನಾವು ಸಾಮಾನ್ಯವಾಗಿ ತಿಳಿದುಕೊಂಡಿದ್ದೇವೆ. ಇವುಗಳ ಕುರಿತು ಬರೆದ ಗ್ರಂಥಗಳಿಗೂ ಕೊರತೆಯಿಲ್ಲ. ಆದರೆ ದಿನಕ್ಕೆ ಹತ್ತಾರು ಸಲ ನಮ್ಮ ಬೆರಳು ಮುಟ್ಟುವ ಒಂದು ಚಿಕ್ಕ ವಸ್ತುವಿಗೂ ಈ ನಗರದಲ್ಲಿ ಒಂದು ಇತಿಹಾಸವುಂಟು. ಅದು ದೀಪವುಳ್ಳ ಒತ್ತುಗುಂಡಿ. ಕಟ್ಟಡದ ಲಿಫ್ಟಿನಲ್ಲಿ, ಸ್ನಾನದ ಮನೆಯ ಗೀಸರಿನಲ್ಲಿ, ಮಕ್ಕಳು ಓದಲು ಬಳಸುವ ಕಂಪ್ಯೂಟರಿನಲ್ಲಿ, ಚುನಾವಣೆ ಬಂದಾಗ ಮತಗಟ್ಟೆಯ ಮರೆಯಲ್ಲಿ ಇದು ನಮ್ಮನ್ನು ಎದುರುಗೊಳ್ಳುತ್ತದೆ. ಗುಂಡಿ ಒತ್ತುತ್ತೇವೆ, ದೀಪ ಹತ್ತುತ್ತದೆ, ನಾವು ನಿಶ್ಚಿಂತರಾಗುತ್ತೇವೆ. ಆ ದೀಪ ನಮಗೆ ಹೇಳಿದ್ದೇನು, ಹೇಳದೆ ಬಿಟ್ಟದ್ದೇನು ಎಂದು ವಿಚಾರಿಸುವವರು ಕಡಿಮೆ. ಈ ಲೇಖನದಲ್ಲಿ ನಾವು ಮಾಡಹೊರಟಿರುವುದು ಆ ವಿಚಾರಣೆಯನ್ನೇ.

ಮೊದಲು ಮನೆಯಿಂದಲೇ ಆರಂಭಿಸೋಣ. ವಿದ್ಯುತ್ತಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಸ್ವಿಚ್ಚು ಹಾಕಿದ ಮೇಲೂ ತಂತಿಯಲ್ಲಿ ವಿದ್ಯುತ್ತು ಬಂದಿದೆಯೋ ಇಲ್ಲವೋ ಕಣ್ಣಿಗೆ ಕಾಣದು. ಆದುದರಿಂದ ಸ್ವಿಚ್ಚಿನ ಜೊತೆಗೆ ಒಂದು ಸಣ್ಣ ದೀಪವನ್ನು ಇಡುವ ಪದ್ಧತಿ ಬಂದಿತು. ನಮ್ಮ ಮನೆಗಳ ಸ್ವಿಚ್ ಬೋರ್ಡುಗಳಲ್ಲಿ ಬಹುಕಾಲ ಕಿತ್ತಳೆ ಬಣ್ಣದಲ್ಲಿ ಮಿನುಗಿದ್ದು ನಿಯಾನ್ ದೀಪ. ಇಲೆಕ್ಟ್ರಿಷಿಯನ್ನನ ಜೇಬಿನ ಟೆಸ್ಟರಿನಲ್ಲಿರುವುದೂ ಅದೇ. ಗಾಜಿನ ಗುಳಿಗೆಯೊಳಗಿನ ನಿಯಾನ್ ಅನಿಲಕ್ಕೆ ಸುಮಾರು 60ರಿಂದ 90 ವೋಲ್ಟ್ ದೊರೆತರೆ ಅದು ಬೆಳಗುತ್ತದೆ. 230 ವೋಲ್ಟಿನ ಮನೆಯ ವಿದ್ಯುತ್ತಿಗೆ ಒಂದು ದೊಡ್ಡ ರೋಧಕದ ಮೂಲಕ ಅದನ್ನು ಜೋಡಿಸಿದರೆ ಅದು ಕುಡಿಯುವ ಕರೆಂಟು ಒಂದು ಮಿಲಿಆಂಪಿಯರಿನಷ್ಟು ಮಾತ್ರ. ಈ ದೀಪ ಹೇಳುವ ಮಾತು ಒಂದೇ: ‘ಇಲ್ಲಿಯವರೆಗೆ ವಿದ್ಯುತ್ತು ಬಂದಿದೆ.’ ಗೀಸರಿನೊಳಗಿನ ಕಾಯಿಲು ಸುಟ್ಟುಹೋಗಿದ್ದರೂ ಸ್ವಿಚ್ಚಿನ ದೀಪ ಸಂತೋಷದಿಂದ ಉರಿಯುತ್ತಲೇ ಇರುತ್ತದೆ. ಅರ್ಧ ಗಂಟೆ ಕಾದು ತಣ್ಣೀರಿನಲ್ಲಿ ಕೈಯಿಟ್ಟವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ದೀಪ ಸುಳ್ಳು ಹೇಳಲಿಲ್ಲ. ನೀರಿನ ವಿಷಯ ಅದಕ್ಕೆ ಗೊತ್ತೇ ಇರಲಿಲ್ಲ.

ಇನ್ನು ಗಣಕಯಂತ್ರದ ಮಾತು. ಭಾರತದಲ್ಲಿಯೇ ವಿನ್ಯಾಸಗೊಂಡ ಮೊದಲ ವಿದ್ಯುನ್ಮಾನ ಡಿಜಿಟಲ್ ಗಣಕ ತಯಾರಾದದ್ದು ನಮ್ಮ ಮುಂಬಯಿಯಲ್ಲಿ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ. ಈ ಸಂಸ್ಥೆ ಹುಟ್ಟಿದ್ದು ಬೆಂಗಳೂರಿನಲ್ಲಿ ಎಂಬುದನ್ನು ಕನ್ನಡಿಗರಾದ ನಾವು ನೆನೆಯಬೇಕು. 1945ರಲ್ಲಿ ಡಾ. ಹೋಮಿ ಭಾಭಾ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ಆವರಣದಲ್ಲಿ ಅದನ್ನು ಆರಂಭಿಸಿದರು. ಅದೇ ವರ್ಷದ ಕೊನೆಗೆ ಅದು ಮುಂಬಯಿಯ ಪೆಡ್ಡರ್ ರೋಡಿಗೂ, 1949ರಲ್ಲಿ ಗೇಟ್‌ವೇ ಆಫ್ ಇಂಡಿಯಾ ಬಳಿಯ ಹಳೆಯ ಯಾಟ್ ಕ್ಲಬ್ಬಿಗೂ, ಆಮೇಲೆ ಕೊಲಾಬಾದ ತುದಿಯಲ್ಲಿರುವ ಈಗಿನ ಕಟ್ಟಡಕ್ಕೂ ಬಂದಿತು. ನಮ್ಮಲ್ಲಿ ಅನೇಕರಂತೆ ಅದೂ ಬೆಂಗಳೂರಿನ ಕಡೆಯಿಂದ ಬಂದು ಇಲ್ಲಿ ನೆಲೆಸಿದ್ದು.

1954ರಲ್ಲಿ ಈ ಸಂಸ್ಥೆಯನ್ನು ಸೇರಿದ ಆರ್. ನರಸಿಂಹನ್ ಅವರು ತರುಣರ ಒಂದು ಚಿಕ್ಕ ತಂಡವನ್ನು ಕಟ್ಟಿಕೊಂಡು ಮೊದಲು ಒಂದು ಪ್ರಾಯೋಗಿಕ ಗಣಕವನ್ನು ನಿರ್ಮಿಸಿದರು. 1956ರಲ್ಲಿ ಅದು ಕೆಲಸ ಮಾಡಿತು. ಮಾದರಿಯನ್ನು ಮಾಡಿ ನೋಡಿ, ಅದರಿಂದ ಕಲಿತು, ಆಮೇಲೆ ನಿಜವಾದ ಯಂತ್ರಕ್ಕೆ ಕೈಹಾಕುವ ವಿವೇಕ ಅವರದಾಗಿತ್ತು. ಪೂರ್ಣಪ್ರಮಾಣದ ಯಂತ್ರ 1960ರಲ್ಲಿ ಕಾರ್ಯಾರಂಭ ಮಾಡಿತು. 1962ರ ಜನವರಿಯಲ್ಲಿ ಸಂಸ್ಥೆಯ ಹೊಸ ಕಟ್ಟಡದ ಉದ್ಘಾಟನೆಗೆ ಬಂದ ಪ್ರಧಾನಿ ನೆಹರೂ ಅವರು ಅದಕ್ಕೆ ‘ಟಿಫ್ರ್ಯಾಕ್’ ಎಂದು ನಾಮಕರಣ ಮಾಡಿದರು. 18 ಅಡಿ ಉದ್ದದ ಉಕ್ಕಿನ ಚೌಕಟ್ಟು. ಅದರೊಳಗೆ 2,700 ವಾಲ್ವುಗಳು, 1,700 ಜರ್ಮೇನಿಯಂ ಡಯೋಡುಗಳು, 12,500 ರೋಧಕಗಳು. ಸಾಮಾನ್ಯ ಸಣ್ಣ ವಾಲ್ವನ್ನು ಕಾಯಿಸಲು 2 ವಾಟ್ ಬೇಕೆಂದು ಹಿಡಿದರೂ 2,700 ವಾಲ್ವುಗಳಿಗೆ 5,400 ವಾಟ್ ಆಯಿತು. ಎಂದರೆ ಐದು ಇಸ್ತ್ರಿಪೆಟ್ಟಿಗೆಗಳನ್ನು ದಿನವಿಡೀ ಹಚ್ಚಿಟ್ಟ ಹಾಗೆ!

ಹಳೆಯ ವಾಲ್ವ್ ರೇಡಿಯೋ ಇದ್ದ ಮನೆಯವರಿಗೆ ಈ ಯಂತ್ರಗಳ ಸ್ವಭಾವ ಸುಲಭವಾಗಿ ತಿಳಿದೀತು. ರೇಡಿಯೋದ ಗುಂಡಿ ತಿರುಗಿಸಿದೊಡನೆ ಹಾಡು ಬರುತ್ತಿರಲಿಲ್ಲ. ವಾಲ್ವುಗಳು ಕಾಯಬೇಕಿತ್ತು. ವಾಲ್ವುಗಳುಳ್ಳ ದೊಡ್ಡ ಯಂತ್ರದಲ್ಲಿ ಈ ಕಾಯುವಿಕೆಗೆ ಒಂದು ಕ್ರಮವೇ ಇರುತ್ತದೆ. ಮೊದಲು ವಾಲ್ವಿನೊಳಗಿನ ತಂತಿ ಕಾಯಬೇಕು, ಅನಂತರವೇ ಮೇಲಿನ ವೋಲ್ಟೇಜು ಕೊಡಬೇಕು. ತಪ್ಪಿದರೆ ವಾಲ್ವಿನ ಆಯುಷ್ಯ ಕುಂದುತ್ತದೆ. ಹೀಗೆ ಗಣಕವನ್ನು ಹಚ್ಚುವುದೆಂದರೆ ಕ್ಷಣದ ಕೆಲಸವಲ್ಲ, ಒಂದು ಸರಣಿ. ಸರಣಿಯಿದ್ದ ಮೇಲೆ ಅದು ಎಲ್ಲಿಯವರೆಗೆ ಬಂತು ಎಂಬುದನ್ನು ಹೊರಗೆ ನಿಂತವನಿಗೆ ತಿಳಿಸಬೇಕು. ದೀಪಕ್ಕೆ ಎರಡನೆಯ ಕೆಲಸ ಒದಗಿದ್ದು ಹೀಗೆ.

ಇದಕ್ಕೆ ಒಳ್ಳೆಯ ಉದಾಹರಣೆ 1964ರಲ್ಲಿ ಅಮೆರಿಕದ ಐ.ಬಿ.ಎಂ. ಕಂಪನಿ ಪ್ರಕಟಿಸಿದ ಸಿಸ್ಟಮ್ 360 ಎಂಬ ಗಣಕಗಳ ಕುಟುಂಬ. ಅಷ್ಟರಲ್ಲಿ ವಾಲ್ವುಗಳ ಕಾಲ ಮುಗಿದಿತ್ತಾದರೂ ಸರಣಿಯ ಅಗತ್ಯ ತಪ್ಪಿರಲಿಲ್ಲ. ಅನೇಕ ಪೆಟ್ಟಿಗೆಗಳಿಗೆ ಒಂದಾದ ಮೇಲೊಂದರಂತೆ ವಿದ್ಯುತ್ತು ಹೋಗಬೇಕು. ಆ ಯಂತ್ರದ ‘ಪವರ್ ಆನ್’ ಗುಂಡಿಯ ಬೆನ್ನಿಗೇ ದೀಪವಿತ್ತು. ಸರಣಿ ಪೂರ್ಣವಾಯಿತೆಂದು ತಿಳಿಸುವುದು ಅದರ ಕರ್ತವ್ಯ. ‘ಒತ್ತಿದಿರಿ’ ಎಂದಲ್ಲ, ‘ನಾನೀಗ ಸಿದ್ಧ’ ಎಂದು ಆ ದೀಪ ಹೇಳುತ್ತಿತ್ತು. ಅದೇ ಫಲಕದ ಮೇಲೆ ಅಪಾಯದ ಕಾಲಕ್ಕೆ ಎಳೆಯುವ ಇನ್ನೊಂದು ಗುಂಡಿಯೂ ಇತ್ತು. ಒಮ್ಮೆ ಎಳೆದರೆ ಅದು ಹೊರಗೇ ನಿಲ್ಲುವುದು. ದುರಸ್ತಿಯವನು ಬಂದು ಸರಿಪಡಿಸಿದ ಮೇಲೆಯೇ ಯಂತ್ರಕ್ಕೆ ಮತ್ತೆ ವಿದ್ಯುತ್ತು. ಇಂದು ಮಕ್ಕಳ ಮೇಜಿನ ಮೇಲೆ ಹೊಳೆಯುವ ದೀಪದ ಗುಂಡಿಗೆ ಈ ಪವರ್ ಆನ್ ಗುಂಡಿಯನ್ನು ಅಜ್ಜನೆಂದು ಕರೆಯಬಹುದು.

ವಾಲ್ವುಗಳು ಹೋಗಿ ಟ್ರಾನ್ಸಿಸ್ಟರುಗಳು ಬಂದುದರಿಂದ ಇನ್ನೊಂದು ಬದಲಾವಣೆಯೂ ಆಯಿತು. ವಾಲ್ವು ತಾನಾಗಿಯೇ ಕೆಂಪಗೆ ಮಿನುಗುತ್ತಿತ್ತು. ಯಂತ್ರ ಜೀವಂತವಾಗಿದೆಯೆಂದು ಅದನ್ನು ನೋಡಿಯೇ ಹೇಳಬಹುದಿತ್ತು. ಟ್ರಾನ್ಸಿಸ್ಟರಿಗೆ ಬೆಳಕಿಲ್ಲ, ಹೇಳಿಕೊಳ್ಳುವಷ್ಟು ಬಿಸಿಯೂ ಇಲ್ಲ. ಯಂತ್ರದ ಒಳಗು ಕತ್ತಲಾದಷ್ಟೂ ಹೊರಗಿನ ದೀಪದ ಬೆಲೆ ಹೆಚ್ಚಿತು. ನಮ್ಮ ಬೆಂಗಳೂರಿನ ಜಾಲಹಳ್ಳಿಯಲ್ಲಿ 1954ರಲ್ಲಿ ಸ್ಥಾಪನೆಯಾದ ಭಾರತ್ ಇಲೆಕ್ಟ್ರಾನಿಕ್ಸ್ ಸಂಸ್ಥೆ 1961ರಲ್ಲಿ ರೇಡಿಯೋ ವಾಲ್ವುಗಳನ್ನೂ, ಮರುವರ್ಷ ಜರ್ಮೇನಿಯಂ ಅರೆವಾಹಕಗಳನ್ನೂ ತಯಾರಿಸತೊಡಗಿತು. ಇತ್ತ ಟ್ರಾಂಬೆಯ ಅಣುಶಕ್ತಿ ಕೇಂದ್ರದ ಇಲೆಕ್ಟ್ರಾನಿಕ್ಸ್ ವಿಭಾಗದಿಂದ ಬೆಳೆದ ಇಲೆಕ್ಟ್ರಾನಿಕ್ಸ್ ಕಾರ್ಪೊರೇಶನ್ 1967ರಲ್ಲಿ ಹೈದರಾಬಾದಿನಲ್ಲಿ ಸ್ಥಾಪನೆಯಾಗಿ, 1969ರಲ್ಲಿ ಟಿ.ಡಿ.ಸಿ. 12 ಎಂಬ ಗಣಕವನ್ನು ಹೊರತಂದಿತು. ಈ ಎರಡು ಸಂಸ್ಥೆಗಳ ಹೆಸರನ್ನು ಓದುಗರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ. ಮುಂದೆ ಅವು ಮತ್ತೆ ಬರಲಿವೆ.

ದೀಪವೂ ಸುಮ್ಮನಿರಲಿಲ್ಲ. 1962ರಲ್ಲಿ ಅಮೆರಿಕದ ನಿಕ್ ಹೊಲೊನ್ಯಾಕ್ ಎಂಬ ವಿಜ್ಞಾನಿ ಕೆಂಪು ಬೆಳಕನ್ನು ಸೂಸುವ ಡಯೋಡನ್ನು ಮಾಡಿ ತೋರಿಸಿದರು. ಇದೇ ನಾವಿಂದು ಎಲ್.ಇ.ಡಿ. ಎಂದು ಕರೆಯುವ ದೀಪ. ಇದಕ್ಕೆ ಸುಡುವ ತಂತಿಯಿಲ್ಲವಾದ್ದರಿಂದ ಬಹುಕಾಲ ಬಾಳುತ್ತದೆ. 2 ವೋಲ್ಟಿನ ಆಸುಪಾಸಿನಲ್ಲಿಯೇ ಬೆಳಗುತ್ತದೆ. 5 ವೋಲ್ಟಿನ ಮೂಲಕ್ಕೆ ಅದನ್ನು ಜೋಡಿಸಬೇಕಾದರೆ ಉಳಿದ 3 ವೋಲ್ಟನ್ನು ಒಂದು ರೋಧಕ ಹೊರಬೇಕು. 10 ಮಿಲಿಆಂಪಿಯರ್ ಸಾಕೆಂದರೆ 300 ಓಮ್ ರೋಧಕ ಎಂದಾಯಿತು. ಪಿ.ಯು.ಸಿ. ಓದುವ ಮಕ್ಕಳೂ ಮಾಡಬಹುದಾದ ಲೆಕ್ಕ. ಕೆಂಪು, ಹಳದಿ, ಹಸಿರು ಬಂದರೂ ಪ್ರಕಾಶಮಾನವಾದ ನೀಲಿ ಮಾತ್ರ ಮೂರು ದಶಕಗಳ ಕಾಲ ಕೈಗೆ ಸಿಕ್ಕಲಿಲ್ಲ. ಜಪಾನಿನಲ್ಲಿ ಅಕಾಸಾಕಿ, ಅಮಾನೊ, ನಾಕಾಮುರಾ ಎಂಬ ಮೂವರ ಪರಿಶ್ರಮದಿಂದ ಅದು 1990ರ ದಶಕದಲ್ಲಿ ಸಾಧ್ಯವಾಯಿತು. 2014ರಲ್ಲಿ ಅವರಿಗೆ ಭೌತವಿಜ್ಞಾನದ ನೊಬೆಲ್ ಪಾರಿತೋಷಕ ದೊರೆಯಿತು. ಇಂದಿನ ಕಂಪ್ಯೂಟರುಗಳ ಗುಂಡಿಯ ಸುತ್ತ ಕಾಣುವ ನೀಲಿ ಉಂಗುರದ ಹಿಂದೆ ಇಂಥ ತಪಸ್ಸು ಇದೆ.

ಈ ನಡುವೆ ಗುಂಡಿಯ ಸ್ವಭಾವವೇ ಬದಲಾಯಿತು. 1981ರಲ್ಲಿ ಬಂದ ಐ.ಬಿ.ಎಂ. ಪಿ.ಸಿ.ಯ ಬಲಬದಿಯಲ್ಲಿ ದೊಡ್ಡದೊಂದು ಕೆಂಪು ಸ್ವಿಚ್ಚಿತ್ತು. ಅದು ನೇರವಾಗಿ ವಿದ್ಯುತ್ತನ್ನೇ ಕಡಿಯುತ್ತಿತ್ತು. ಕೆಳಗೆ ಒತ್ತಿದರೆ ಮುಗಿಯಿತು. ಮುಂದೆ ಸರಕಾರಿ ಕಚೇರಿಗಳಲ್ಲಿ ಪಿ.ಸಿ.ಗಳು ಬಂದ ಕಾಲದಲ್ಲಿ, ಕಪ್ಪು ಪರದೆಯ ಮೇಲೆ ಕಿತ್ತಳೆ ಅಕ್ಷರಗಳಲ್ಲಿ ‘ಇನ್ನು ಆರಿಸಬಹುದು’ ಎಂಬರ್ಥದ ಅಪ್ಪಣೆ ಮೂಡುವವರೆಗೆ ಕಾದು ಸ್ವಿಚ್ಚು ಆರಿಸಿದ್ದು ಅನೇಕರಿಗೆ ನೆನಪಿರಬಹುದು. 1995ರಲ್ಲಿ ಇಂಟೆಲ್ ಕಂಪನಿ ಎ.ಟಿ.ಎಕ್ಸ್. ಎಂಬ ಹೊಸ ಕ್ರಮವನ್ನು ಪ್ರಕಟಿಸಿದ ಮೇಲೆ ಗುಂಡಿ ವಿದ್ಯುತ್ತನ್ನು ಮುಟ್ಟುವುದನ್ನೇ ಬಿಟ್ಟಿತು. ಈ ಕ್ರಮದಲ್ಲಿ ಯಂತ್ರ ಆರಿದ್ದರೂ ಒಳಗೆ 5 ವೋಲ್ಟಿನ ಒಂದು ಧಾರೆ ಸದಾ ಎಚ್ಚರವಾಗಿರುತ್ತದೆ. ಗುಂಡಿ ಮಾಡುವುದು ಎರಡು ಸಣ್ಣ ತಂತಿಗಳನ್ನು ಕ್ಷಣಕಾಲ ಕೂಡಿಸುವ ಕೆಲಸ ಮಾತ್ರ. ಅದು ಹುಕುಮಲ್ಲ, ಅರ್ಜಿ. ಅರ್ಜಿಯನ್ನು ಓದಿ ಯಂತ್ರ ತನ್ನ ಕಡತಗಳನ್ನೆಲ್ಲ ಜೋಡಿಸಿಟ್ಟು ಆಮೇಲೆ ಮಲಗುತ್ತದೆ. ಯಂತ್ರ ಹಠ ಹಿಡಿದರೆ ಸುಮಾರು ನಾಲ್ಕು ಸೆಕೆಂಡು ಒತ್ತಿಹಿಡಿದು ಬಲವಂತ ಮಾಡಬೇಕು. ಕಚೇರಿಯಲ್ಲಿ ದುಡಿಯುವ ನಮ್ಮಂಥವರಿಗೆ ಹುಕುಮಿಗೂ ಅರ್ಜಿಗೂ ಇರುವ ಅಂತರ ಚೆನ್ನಾಗಿ ಗೊತ್ತು. ಅರ್ಜಿ ಕೊಟ್ಟವನಿಗೆ ಸ್ವೀಕೃತಿಯ ಮುದ್ರೆ ಬೇಕು. ಗುಂಡಿಯ ದೀಪ ಈಗ ಆ ಮುದ್ರೆಯಾಯಿತು.

ಇಂಥ ಗುಂಡಿಯೊಂದನ್ನು ಸ್ವತಃ ಮಾಡಿ ನೋಡಬೇಕೆನ್ನುವ ಹುಡುಗರು ನಮ್ಮ ನಗರದಲ್ಲಿ ಇಂದಿಗೂ ಹಿಡಿಯುವ ದಾರಿ ಗ್ರಾಂಟ್ ರೋಡ್ ಸ್ಟೇಷನ್ನಿನ ಹತ್ತಿರದ ಲ್ಯಾಮಿಂಗ್ಟನ್ ರೋಡು. ಅದರ ಈಗಿನ ಹೆಸರು ಡಾ. ಭಡಕಮಕರ್ ಮಾರ್ಗ. 16, 19, 22 ಮಿಲಿಮೀಟರ್ ಅಳತೆಯ, ದೀಪದ ಉಂಗುರವುಳ್ಳ ಗುಂಡಿಗಳು ಇಂಥ ಮಾರುಕಟ್ಟೆಗಳಲ್ಲಿ ಸಿದ್ಧವಾಗಿಯೇ ಸಿಗುತ್ತವೆ. ನಾಲ್ಕೇ ತಂತಿಗಳು: ಎರಡು ಗುಂಡಿಗೆ, ಎರಡು ದೀಪಕ್ಕೆ. ತಮ್ಮದೇ ಆಕಾರದ ಗುಂಡಿ ಬೇಕೆಂದು ಹೊರಟಾಗ ಕಷ್ಟ ತಿಳಿಯುತ್ತದೆ. ಅಕ್ರಿಲಿಕ್ ತುಣುಕಿನ ಹಿಂದೆ ಒಂದೇ ಎಲ್.ಇ.ಡಿ. ಇಟ್ಟರೆ ನಡುವೆ ಚುಕ್ಕೆ, ಅಂಚಿಗೆ ಕತ್ತಲೆ. ಬೆಳಕು ಹರಡಲು ಮುಖವನ್ನು ಮರಳುಕಾಗದದಿಂದ ಉಜ್ಜಿ ಮಬ್ಬು ಮಾಡಬೇಕು, ಅಥವಾ ಹಾಲುಬಣ್ಣದ ಹಾಳೆ ಅಂಟಿಸಬೇಕು. ಪಕ್ಕದ ಸಂದಿನಿಂದ ಬೆಳಕು ಸೋರದಂತೆ ಕಪ್ಪು ಗೋಡೆ ಬೇಕು. ಹಗಲಿಗೆ ಸಾಕಾದ ಬೆಳಕು ರಾತ್ರಿ ಮಲಗುವ ಕೋಣೆಯಲ್ಲಿ ಕಣ್ಣು ಕುಕ್ಕುತ್ತದೆ. ಆಗ ರೋಧಕದ ಬೆಲೆಯನ್ನು ಏರಿಸಬೇಕು. ಗುಂಡಿ ಬೆರಳಿಗೆ ‘ಟಕ್’ ಎನ್ನಬೇಕು, ಆದರೆ ಬಟ್ಟೆ ತಗುಲಿದರೆ ಒತ್ತಿಹೋಗಬಾರದು. ಮೂರು ನಾಲ್ಕು ಮಾದರಿಗಳನ್ನು ಮಾಡಿ ಎಸೆಯದೆ ಒಂದು ಒಳ್ಳೆಯ ಗುಂಡಿ ಹುಟ್ಟುವುದಿಲ್ಲ.

ಮನೆಯ ಕಂಪ್ಯೂಟರಿನಲ್ಲಿ ಈ ಗುಂಡಿ ಕೆಟ್ಟರೆ ಆಗುವ ನಷ್ಟ ಅಲ್ಪ. ಆದರೆ ಇದೇ ಸಮಸ್ಯೆ ಕೋಟ್ಯಂತರ ಜನರ ಹಕ್ಕಿನ ಪ್ರಶ್ನೆಯಾಗಿ ಎದುರಾದ ಪ್ರಸಂಗವೊಂದುಂಟು. ಅದೇ ಮತಯಂತ್ರ.

ಮತಪತ್ರಕ್ಕೆ ಬದಲಾಗಿ ಯಂತ್ರವನ್ನು ತರುವ ಆಲೋಚನೆಯನ್ನು ಚುನಾವಣಾ ಆಯೋಗ 1977ರಲ್ಲಿ ಮುಂದಿಟ್ಟಿತು. ಹೈದರಾಬಾದಿನ ಇಲೆಕ್ಟ್ರಾನಿಕ್ಸ್ ಕಾರ್ಪೊರೇಶನ್ 1979ರಲ್ಲಿ ಮಾದರಿಯೊಂದನ್ನು ಮಾಡಿತು. 1980ರ ಆಗಸ್ಟ್ 6ರಂದು ಅದನ್ನು ರಾಜಕೀಯ ಪಕ್ಷಗಳ ಪ್ರತಿನಿಧಿಗಳಿಗೆ ತೋರಿಸಲಾಯಿತು. ಬೆಂಗಳೂರಿನ ಭಾರತ್ ಇಲೆಕ್ಟ್ರಾನಿಕ್ಸ್ ಸಹ ಜೊತೆಗೂಡಿತು. 1982ರ ಮೇ 19ರಂದು ಕೇರಳದ ಪರೂರು ವಿಧಾನಸಭಾ ಕ್ಷೇತ್ರದ 50 ಮತಗಟ್ಟೆಗಳಲ್ಲಿ ಯಂತ್ರದ ಮೊದಲ ಪ್ರಯೋಗ ನಡೆಯಿತು. ಕಾನೂನಿನಲ್ಲಿ ಅವಕಾಶವಿಲ್ಲವೆಂದು 1984ರಲ್ಲಿ ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿತು. ಕಾಯಿದೆಗೆ ತಿದ್ದುಪಡಿಯಾಗಿ ಅದು 1989ರ ಮಾರ್ಚಿನಲ್ಲಿ ಜಾರಿಗೆ ಬಂದ ಮೇಲೆ ದಾರಿ ತೆರವಾಯಿತು. ಮತಯಂತ್ರದ ಹೊರರೂಪವನ್ನು ವಿನ್ಯಾಸ ಮಾಡಿದವರು ನಮ್ಮ ಪೊವಾಯಿಯ ಐ.ಐ.ಟಿ.ಯಲ್ಲಿ 1969ರಲ್ಲಿ ಆರಂಭವಾದ ಇಂಡಸ್ಟ್ರಿಯಲ್ ಡಿಸೈನ್ ಸೆಂಟರಿನ ಪ್ರಾಧ್ಯಾಪಕರಾದ ಎ. ಜಿ. ರಾವ್ ಮತ್ತು ರವಿ ಪೂವಯ್ಯ. ಟ್ರಾಂಬೆಯಲ್ಲಿ ಬೇರುಳ್ಳ ಒಂದು ಸಂಸ್ಥೆ, ಬೆಂಗಳೂರಿನ ಇನ್ನೊಂದು ಸಂಸ್ಥೆ, ಪೊವಾಯಿಯ ವಿನ್ಯಾಸ: ಮೂರೂ ಕೂಡಿದ ಫಲ ಈ ಪೆಟ್ಟಿಗೆ.

ಆ ಪೆಟ್ಟಿಗೆಯನ್ನು ನೋಡಿದವರಿಗೆ ಅದರ ಸರಳತೆ ಎದ್ದುಕಾಣುತ್ತದೆ. ಅಧಿಕಾರಿಯ ಬಳಿ ಒಂದು ಘಟಕ, ಮರೆಯ ಹಿಂದೆ ಮತದಾರನಿಗೆ ಇನ್ನೊಂದು, ನಡುವೆ 5 ಮೀಟರ್ ಕೇಬಲು. ಅಧಿಕಾರಿ ‘ಬ್ಯಾಲಟ್’ ಗುಂಡಿಯನ್ನು ಒತ್ತಿದರೆ ಅವನ ಕಡೆ ಕೆಂಪು ದೀಪ, ಮತದಾರನ ಕಡೆ ಹಸಿರು ದೀಪ. ಇದು ಐ.ಬಿ.ಎಂ. ಗಣಕದ ದೀಪದಂತೆ ‘ನಾನು ಸಿದ್ಧ’ ಎನ್ನುವ ದೀಪ. ಮತದಾರ ತನ್ನ ಅಭ್ಯರ್ಥಿಯ ಹೆಸರು, ಚಿಹ್ನೆಗಳ ಎದುರಿನ ನೀಲಿ ಗುಂಡಿಯನ್ನು ಒತ್ತಿದರೆ ಅದರ ಪಕ್ಕದಲ್ಲಿಯೇ ಕೆಂಪು ದೀಪ ಬೆಳಗುತ್ತದೆ, ‘ಬೀಪ್’ ಎಂಬ ದೀರ್ಘ ಸದ್ದು ಕೇಳುತ್ತದೆ. ಅನಂತರ ಎಷ್ಟು ಸಲ ಒತ್ತಿದರೂ ವ್ಯರ್ಥ. ಅಧಿಕಾರಿ ಮತ್ತೆ ಅನುಮತಿಸುವವರೆಗೆ ಯಂತ್ರ ಕಿವುಡು. ವಿದ್ಯುತ್ತಿಲ್ಲದ ಹಳ್ಳಿಗೂ ಹೋಗಬೇಕಾದ್ದರಿಂದ ಎಲ್ಲವೂ ಬ್ಯಾಟರಿಯ ಮೇಲೆ. ಓದುಬರಹ ತಿಳಿಯದವರಿಗೆ ಚಿಹ್ನೆ ಮತ್ತು ದೀಪ. ಕಣ್ಣು ಕಾಣದವರಿಗೆ ಸದ್ದು ಮತ್ತು ಮುಂದೆ ಸೇರಿಸಲಾದ ಬ್ರೈಲ್ ಅಂಕಿಗಳು. 2004ರ ಲೋಕಸಭಾ ಚುನಾವಣೆಯಲ್ಲಿ 543 ಕ್ಷೇತ್ರಗಳಲ್ಲಿಯೂ ಇದೇ ಯಂತ್ರದಿಂದ ಮತದಾನ ನಡೆಯಿತು.

ಮತಗಟ್ಟೆಯ ಕೆಲಸಕ್ಕೆ ನಿಯೋಜಿತರಾಗುವ ನಮ್ಮಂಥ ನೌಕರರು ಕಾಣುವ ದೃಶ್ಯ ಒಂದಿದೆ. ಚಾಳಿನ ವೃದ್ಧೆಯೊಬ್ಬಳು ಮರೆಯ ಹಿಂದೆ ಹೋಗುತ್ತಾಳೆ. ಸದ್ದಾಗುತ್ತದೆ. ಹೊರಬಂದು ‘ಝಾಲಂ ಕಾ?’ ಎಂದು ಮರಾಠಿಯಲ್ಲಿ ಕೇಳುತ್ತಾಳೆ. ಆಯಿತು ಎಂದು ತಲೆಯಾಡಿಸುತ್ತೇವೆ. ನಾವು ಹಾಗೆ ಹೇಳಿದ್ದು ಯಾವ ಆಧಾರದ ಮೇಲೆ? ದೀಪ ಆರಿತು, ಸದ್ದು ಬಂತು ಎಂಬ ಆಧಾರದ ಮೇಲೆ. ಅವಳ ಮತವನ್ನು ನಾವು ನೋಡಿಲ್ಲ, ನೋಡಲೂ ಬಾರದು.

ಹೀಗೆ ಗುಂಡಿಯ ದೀಪ ಆಡಬಲ್ಲ ಮಾತುಗಳು ಮೂರು: ವಿದ್ಯುತ್ತು ಇದೆ, ನಾನು ಸಿದ್ಧ, ನೀವು ಒತ್ತಿದ್ದು ನನಗೆ ಕೇಳಿತು. ನಾಲ್ಕನೆಯ ಮಾತೊಂದಿದೆ: ‘ಕೇಳಿದ್ದನ್ನು ಹಾಗೆಯೇ ಬರೆದುಕೊಂಡೆ.’ ಇದಕ್ಕೆ ಸಾಕ್ಷಿ ಹೇಳುವ ಶಕ್ತಿ ದೀಪಕ್ಕಿಲ್ಲ. ಏಕೆಂದರೆ ದೀಪವನ್ನು ಹಚ್ಚುವುದೂ ಬರೆಯುವುದೂ ಯಂತ್ರವೇ. ಗೀಸರಿನ ದೀಪಕ್ಕೆ ನೀರಿನ ವಿಷಯ ತಿಳಿಯದಂತೆ ಇದೂ. ಯಂತ್ರದ ಮೇಲೆ ಸಂಶಯಪಟ್ಟವರೆಲ್ಲರ ಆರೋಪಗಳು ನಿಜವೆಂದು ಇದರರ್ಥವಲ್ಲ. ಸಂಶಯ ಬಂದಾಗ ಅದನ್ನು ಪರಿಹರಿಸಲು ಯಂತ್ರದ ಸ್ವಂತ ಮಾತು ಸಾಲದು ಎಂದಷ್ಟೇ ಅರ್ಥ.

ಸುಪ್ರೀಂ ಕೋರ್ಟು 2013ರ ಅಕ್ಟೋಬರ್ 8ರ ತನ್ನ ತೀರ್ಪಿನಲ್ಲಿ ಕಾಗದದ ಸಾಕ್ಷ್ಯ ಅವಶ್ಯವೆಂದಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ನಾಗಾಲ್ಯಾಂಡಿನ ನೋಕ್ಸೆನ್ ಕ್ಷೇತ್ರದಲ್ಲಿ ಅದರ ಮೊದಲ ಪ್ರಯೋಗ ಆಗಿತ್ತು. ಈಗ ಗುಂಡಿ ಒತ್ತಿದೊಡನೆ ಗಾಜಿನ ಹಿಂದೆ ಅಭ್ಯರ್ಥಿಯ ಕ್ರಮಸಂಖ್ಯೆ, ಹೆಸರು, ಚಿಹ್ನೆಗಳುಳ್ಳ ಚೀಟಿಯೊಂದು 7 ಸೆಕೆಂಡು ಕಂಡು ಪೆಟ್ಟಿಗೆಯೊಳಗೆ ಬೀಳುತ್ತದೆ. 2019ರ ಲೋಕಸಭಾ ಚುನಾವಣೆಯಲ್ಲಿ ಎಲ್ಲ ಮತಗಟ್ಟೆಗಳಲ್ಲಿಯೂ ಇದಿತ್ತು. ಪ್ರತಿ ವಿಧಾನಸಭಾ ಕ್ಷೇತ್ರದ 5 ಮತಗಟ್ಟೆಗಳ ಚೀಟಿಗಳನ್ನು ಎಣಿಸಿ ಯಂತ್ರದ ಲೆಕ್ಕದೊಡನೆ ತಾಳೆ ನೋಡಬೇಕೆಂದು ಆ ವರ್ಷವೇ ಕೋರ್ಟು ವಿಧಿಸಿತು. ಎಲ್ಲ ಚೀಟಿಗಳನ್ನೂ ಎಣಿಸಬೇಕೆಂಬ, ಮತಪತ್ರಕ್ಕೆ ಮರಳಬೇಕೆಂಬ ಬೇಡಿಕೆಗಳನ್ನು 2024ರ ಏಪ್ರಿಲ್ 26ರಂದು ಅದು ಒಪ್ಪಲಿಲ್ಲ. ಐದು ಸಾಕೇ, ಹೆಚ್ಚು ಬೇಕೇ ಎಂಬಲ್ಲಿ ಅಭಿಪ್ರಾಯಭೇದಕ್ಕೆ ಅವಕಾಶವಿದೆ. ಆದರೆ ದೀಪದ ಜೊತೆಗೆ ಕಾಗದವೂ ಇರಲೆಂಬ ನಿರ್ಧಾರ ಸರಿಯಾದುದೆಂದೇ ನಮ್ಮ ಭಾವನೆ. ರಸೀತಿ ಪುಸ್ತಕವನ್ನೂ ಲೆಡ್ಜರನ್ನೂ ಬೇರೆ ಬೇರೆ ಇಟ್ಟು ತಾಳೆ ನೋಡುವ ಪದ್ಧತಿ ನಮ್ಮ ಹಿರಿಯರಿಗೆ ಹೊಸದೇನೂ ಆಗಿರಲಿಲ್ಲ.

ನಮ್ಮ ಸಮಾಜದ ಅನೇಕ ಮನೆಗಳ ಮಕ್ಕಳು ಇಂದು ಇಂಜಿನಿಯರಿಂಗ್ ಓದುತ್ತಿದ್ದಾರೆ, ಯಂತ್ರಗಳಿಗೂ ಮೊಬೈಲುಗಳಿಗೂ ಗುಂಡಿಗಳನ್ನು ರೂಪಿಸುವ ಉದ್ಯೋಗದಲ್ಲಿಯೂ ಇದ್ದಾರೆ. ಗುಂಡಿಯ ಹಿಂದೆ ದೀಪವಿಡುವಾಗ ಅದು ಯಾವ ಬಣ್ಣದ್ದು ಎಂಬುದಕ್ಕಿಂತ ಮೊದಲು, ಅದು ಯಾವುದಕ್ಕೆ ಸಾಕ್ಷಿ ಎಂದು ಅವರು ಕೇಳಿಕೊಳ್ಳಲಿ. ಒತ್ತುವವರಾದ ನಾವೂ ಅದನ್ನೇ ಕೇಳುವ ಅಭ್ಯಾಸ ಮಾಡಿಕೊಳ್ಳಬೇಕು. ಕೊಲಾಬಾದ 2,700 ವಾಲ್ವುಗಳಿಂದ ಪೊವಾಯಿಯ ನೀಲಿ ಗುಂಡಿಯವರೆಗಿನ ಚರಿತ್ರೆ ನಮಗೆ ಕಲಿಸುವುದು ಇಷ್ಟನ್ನು.